ಡೌನ್‌ಲೋಡ್ ಬರೀ ಹೂವು, ಕಾಯಿ ಕಟ್ಟುವುದು ಬೇರೆ

ಸಂಪಾದಕರಿಗೆ,

ಮಾನ್ಯರೇ,

ಮೊಬೈಲ್ ಗೇಮ್ ಕಂಪನಿಗಳ ಬೆಳವಣಿಗೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ವರದಿಗಳು ಹೆಚ್ಚಾಗಿ ಒಂದೇ ಲೆಕ್ಕದಲ್ಲಿ ಶುರುವಾಗಿ ಅದರಲ್ಲೇ ಮುಗಿಯುತ್ತವೆ: ಇಷ್ಟು ಲಕ್ಷ ಡೌನ್‌ಲೋಡ್, ಇಷ್ಟು ಕೋಟಿ ಡಾಲರ್‌ಗೆ ಮಾರಾಟ. ಅದನ್ನು ಓದಿದ ನಮ್ಮ ಕೊಡಗಿನ ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬೆಂಗಳೂರಿಗೆ ಹೋಗದೆ ಇಲ್ಲೇ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಗೇಮ್ ಮಾಡಿಬಿಡೋಣ ಅನ್ನಿಸುವುದು ಸಹಜ. ಹೊರಡುವುದು ತಪ್ಪಲ್ಲ. ಆದರೆ ಡೌನ್‌ಲೋಡ್ ಅನ್ನುವುದು ಕಾಫಿ ಗಿಡದ ಹೂವಿದ್ದಂತೆ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಹೊರಗಿನಿಂದ ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬೆಳೆಗಾರರು ಹಿಂದೆಯೇ ಬರಬೇಕಾದ ಬ್ಯಾಕಿಂಗ್ ಮಳೆಗೆ ಕಾಯುತ್ತಾರೆ, ಕಾಯಿ ಕಟ್ಟಿತೇ ಎಂದು ಗೆಣ್ಣು ಗೆಣ್ಣು ನೋಡುತ್ತಾರೆ. ಗೇಮ್ ಮಾಡುವವರು ನೋಡಬೇಕಾದ ಗೆಣ್ಣು ಒಂದೇ: ಇವತ್ತು ಆಡಿದವರು ನಾಳೆ ಮತ್ತೆ ಬಂದರೇ?

ಈ ವ್ಯಾಪಾರದಲ್ಲಿ ಎಲ್ಲರೂ ಉದಾಹರಿಸುವ ಕಂಪನಿ ಜಿಂಗಾ. ಶುರುವಾದದ್ದು 2007ರಲ್ಲಿ. 2009ರ ಜೂನ್‌ನಲ್ಲಿ ಫೇಸ್‌ಬುಕ್ ಮೇಲೆ ಫಾರ್ಮ್‌ವಿಲ್ ಎಂಬ ಬೇಸಾಯದ ಆಟ ಬಂತು. ವರ್ಷ ತುಂಬುವ ಮೊದಲೇ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಆಡುತ್ತಿದ್ದರು. 2010ರಲ್ಲಿ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು. ಬೆಳೆದದ್ದು ಹೇಗೆ? ಆಟಗಾರರ ಗೆಳೆಯರ ಫೇಸ್‌ಬುಕ್ ಗೋಡೆಯ ಮೇಲೆ ಬೀಳುತ್ತಿದ್ದ 'ನಿಮ್ಮ ಪಕ್ಕದ ಹೊಲದವರಿಗೆ ಸಹಾಯ ಮಾಡಿ' ಎನ್ನುವ ಥರದ ಸೂಚನೆಗಳಿಂದ. ಖರ್ಚಿಲ್ಲದ ಜಾಹೀರಾತು ಅದು. 2010ರಲ್ಲಿ ಫೇಸ್‌ಬುಕ್ ಆ ಸೂಚನೆಗಳಿಗೆ ಕಡಿವಾಣ ಹಾಕಿದಾಗ ಬೇಲಿ ಯಾರದ್ದು, ಗೇಟಿನ ಕೀಲಿ ಯಾರ ಕೈಯಲ್ಲಿದೆ ಎಂಬುದು ಸ್ಪಷ್ಟವಾಯಿತು. ಅವಲಂಬನೆ ಒಂದು ಕಡೆಯದೇ ಆಗಿರಲಿಲ್ಲ: 2011ರಲ್ಲಿ ಫೇಸ್‌ಬುಕ್ ಆದಾಯದ ಶೇ 12ರಷ್ಟು ಜಿಂಗಾದಿಂದ ಬರುತ್ತಿತ್ತು. ಆದರೂ ಪೆಟ್ಟು ಬಿದ್ದದ್ದು ಬಾಡಿಗೆ ಜಾಗದಲ್ಲಿ ಬೆಳೆ ತೆಗೆದವರಿಗೆ. 2011ರ ಡಿಸೆಂಬರ್‌ನಲ್ಲಿ 10 ಡಾಲರ್‌ಗೆ ಮಾರಿದ ಷೇರು ಒಂದು ವರ್ಷ ಕಳೆಯುವಷ್ಟರಲ್ಲಿ 3 ಡಾಲರ್‌ಗಿಂತ ಕೆಳಗಿತ್ತು.

ಇದರ ಜತೆಗೇ ಇನ್ನೊಂದು ತಪ್ಪು ಆಯಿತು. 2012ರ ಮಾರ್ಚ್‌ನಲ್ಲಿ, ಚಿತ್ರ ಬಿಡಿಸಿ ಊಹಿಸುವ ಡ್ರಾ ಸಮ್‌ಥಿಂಗ್ ಎಂಬ ಆಟ ಎಲ್ಲರ ಫೋನಿನಲ್ಲಿ ಕುಣಿಯುತ್ತಿದ್ದಾಗ, ಅದನ್ನು ಮಾಡಿದ ಓಎಂಜಿಪಾಪ್ ಕಂಪನಿಯನ್ನೇ ಜಿಂಗಾ ಸುಮಾರು 18 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೆಲವೇ ವಾರಗಳಲ್ಲಿ ಆಡುವವರ ಸಂಖ್ಯೆ ಇಳಿಯತೊಡಗಿತು. 2013ರ ಜೂನ್‌ನಲ್ಲಿ ಆ ಕಚೇರಿ ಮುಚ್ಚಿತು. ಅದೇ ಸಲ ಜಿಂಗಾ 520 ನೌಕರರನ್ನು ಕೈಬಿಟ್ಟಿತು. ಹೂ ನೋಡಿ ತೋಟ ಕೊಂಡ ಕಥೆ. ಕಂಪನಿ ಮತ್ತೆ ಎದ್ದು ನಿಂತದ್ದು ವರ್ಷಗಟ್ಟಲೆ ಜನ ಬಿಡದೆ ಆಡುವ ಪೋಕರ್, ಪದಬಂಧದಂಥ ಆಟಗಳನ್ನು ಆರೈಕೆ ಮಾಡಿದ ಮೇಲೆ. 2020ರ ಕೊನೆಯ ದಿನ ಫಾರ್ಮ್‌ವಿಲ್‌ನ ಮೂಲ ಆಟ ನಿಂತಿತು, ಏಕೆಂದರೆ ಅದು ನಿಂತಿದ್ದ ಫ್ಲ್ಯಾಶ್ ತಂತ್ರಾಂಶವೇ ಅಂದು ಕೊನೆಯಾಯಿತು. 2022ರಲ್ಲಿ ಟೇಕ್-ಟೂ ಕಂಪನಿ ಜಿಂಗಾವನ್ನು ಸುಮಾರು 1,270 ಕೋಟಿ ಡಾಲರ್‌ಗೆ ಕೊಂಡಾಗ ಅಷ್ಟು ಬೆಲೆ ಬಂದದ್ದು ಜನ ಬಿಡದೆ ಆಡುವ ಇಂಥ ಆಟಗಳಿಗೆ.

ನಮ್ಮ ರಾಜ್ಯಕ್ಕೆ ಇದರಲ್ಲಿ ಒಂದು ಎಳೆ ಇದೆ. ಜಿಂಗಾದ ಬೆಂಗಳೂರು ಕಚೇರಿಯಲ್ಲಿ ಕೆಲಸ ಕಲಿತವರು 2013ರಲ್ಲಿ ಮೂನ್‌ಫ್ರಾಗ್ ಲ್ಯಾಬ್ಸ್ ಕಟ್ಟಿದರು. ತೀನ್ ಪತ್ತಿ ಗೋಲ್ಡ್ ಅವರ ಆಟ. 2021ರಲ್ಲಿ ಅದನ್ನು ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಕೊಂಡಿತು. ನವಿ ಮುಂಬೈಯ ಪುಟ್ಟ ಕಂಪನಿಯೊಂದರ ಲೂಡೊ ಕಿಂಗ್ 2016ರಿಂದ ಇದ್ದದ್ದು, 2020ರ ಲಾಕ್‌ಡೌನ್‌ನಲ್ಲಿ ಮನೆಮನೆಗೆ ಹೋಯಿತು. ಎರಡೂ ಹೊಸ ಆಟಗಳಲ್ಲ, ಜನರಿಗೆ ಮೊದಲೇ ನಿಯಮ ಗೊತ್ತಿದ್ದ ಆಟಗಳು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಕಾಯಿ ಎಣಿಸುವ ಲೆಕ್ಕಕ್ಕೆ ಬರುತ್ತೇನೆ. ಮೂರು ಅಂಕಿ ಬರೆದಿಡಬೇಕು: ಹೊಸದಾಗಿ ಹಾಕಿಕೊಂಡ 100 ಜನರಲ್ಲಿ ಮರುದಿನ, ಏಳನೇ ದಿನ, ಮೂವತ್ತನೇ ದಿನ ಎಷ್ಟು ಜನ ಬಂದರು? ಇದಕ್ಕೆ ರಿಟೆನ್ಷನ್ ಎನ್ನುತ್ತಾರೆ. 40, 20, 10 ಬಂದರೆ ಒಳ್ಳೆಯ ಆಟ ಎಂಬುದು ಈ ಉದ್ಯಮದ ಹಳೆಯ ಗಾದೆ. ಹೆಚ್ಚಿನ ಆಟಗಳು ಅಲ್ಲಿಗೆ ತಲುಪುವುದಿಲ್ಲ. 35, 12, 4 ಬಂತೆಂದು ಇಟ್ಟುಕೊಳ್ಳಿ. ಹಾಕಿಕೊಂಡ ದಿನವನ್ನೂ ಸೇರಿಸಿ, ನಡುವಿನ ದಿನಗಳನ್ನು ಅಂದಾಜಿಸಿ ಮೂವತ್ತನೇ ದಿನದವರೆಗೆ ಕೂಡಿದರೆ ಒಬ್ಬ ಆಟಗಾರ ಸರಾಸರಿ ಸುಮಾರು 4 ದಿನ ಆಡುತ್ತಾನೆ. ದಿನಕ್ಕೆ 5 ಜಾಹೀರಾತು ನೋಡುತ್ತಾನೆ, ಸಾವಿರ ಜಾಹೀರಾತಿಗೆ 80 ರೂಪಾಯಿ ಸಿಗುತ್ತದೆ ಎಂದರೆ ಒಂದಕ್ಕೆ 8 ಪೈಸೆ, ದಿನಕ್ಕೆ 40 ಪೈಸೆ, 4 ದಿನಕ್ಕೆ 1 ರೂಪಾಯಿ 60 ಪೈಸೆ. ಆ ಆಟಗಾರನನ್ನು ಜಾಹೀರಾತು ಕೊಟ್ಟು ಕರೆತರಲು 5 ರೂಪಾಯಿ ಖರ್ಚಾಗಿದ್ದರೆ ತಲೆಗೆ 3 ರೂಪಾಯಿ 40 ಪೈಸೆ ನಷ್ಟ. ಇಲ್ಲಿ 'ಇನ್ನೂ ಜಾಸ್ತಿ ಜನರನ್ನು ತರೋಣ' ಎನ್ನುವುದು ನಷ್ಟವನ್ನೇ ಗುಣಿಸುವ ಕೆಲಸ. ಅದೇ 5 ರೂಪಾಯಿ ಹುಟ್ಟಬೇಕಾದರೆ ಒಬ್ಬ 12 ದಿನಕ್ಕಿಂತ ಹೆಚ್ಚು ಆಡಬೇಕು. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮದನ್ನು ನೀವು ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಮರುದಿನದ ಅಂಕಿ 25ಕ್ಕಿಂತ ಕೆಳಗಿದ್ದರೆ ದೋಷ ಸಾಮಾನ್ಯವಾಗಿ ಮೊದಲ ಮೂರು ನಿಮಿಷದಲ್ಲಿರುತ್ತದೆ: ತೆರೆದುಕೊಳ್ಳಲು ತಡ, ಆಡುವ ಮೊದಲೇ ಲಾಗಿನ್ ಕೇಳುವುದು, ಉದ್ದದ ಪಾಠ. ಮರುದಿನ ಚೆನ್ನಾಗಿದ್ದು ಏಳನೇ ದಿನಕ್ಕೆ ಕುಸಿದರೆ ಆಟದಲ್ಲಿ ಮುಂದೆ ಮಾಡಲು ಏನೂ ಉಳಿದಿಲ್ಲ ಎಂದರ್ಥ. ಎರಡಕ್ಕೂ ಔಷಧ ಬೇರೆ ಬೇರೆ. ಒಂದೇ ಬಾರಿಗೆ ಎಲ್ಲ ಬದಲಿಸಿದರೆ ಯಾವುದು ನಾಟಿತು ಎಂದು ಗೊತ್ತಾಗುವುದಿಲ್ಲ.

ಗೆಳೆಯರ ಮೂಲಕ ಬೆಳೆಯುವುದಕ್ಕೂ ಲೆಕ್ಕವಿದೆ. ಒಬ್ಬ ಆಟಗಾರ 4 ಜನರಿಗೆ ಆಹ್ವಾನ ಕಳಿಸಿ, ಹತ್ತರಲ್ಲಿ ಒಬ್ಬ ಒಪ್ಪಿದರೆ ಗುಣಕ 0.4. ಸಾವಿರ ಜನ ಕೊನೆಗೆ ಸುಮಾರು 1,667 ಆಗುತ್ತಾರೆ, ಅಲ್ಲಿಗೆ ನಿಲ್ಲುತ್ತದೆ. ಗುಣಕ 1 ದಾಟಿದರೆ ಮಾತ್ರ ತಾನಾಗಿ ಹರಡುವುದು, ಅದು ಬಹಳ ಅಪರೂಪ. ಆದರೆ ಕೊಡಗಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿತು. ಬಿಡಿ ಆಟಗಾರನನ್ನು ಕರೆಯದೆ ಒಕ್ಕವನ್ನು, ಅಂದರೆ ಇಡೀ ಮನೆತನವನ್ನು, ಕರೆದದ್ದೇ ಅದರ ಗುಟ್ಟು. ಮನೆ ಹೆಸರಿನ ತಂಡ ಎಂದಾಗ ಹಾಕಿ ಹಿಡಿಯದವರೂ ಬಂದು ನಿಲ್ಲುತ್ತಾರೆ. ಗೇಮ್‌ನಲ್ಲೂ ಹಾಗೆ. ಆರಂಕಿಯ ಸಂಕೇತ ಕೊಟ್ಟು ಒಕ್ಕ, ಊರು, ಕಾಲೇಜಿನ ಹೆಸರಲ್ಲಿ ತಂಡ ಕಟ್ಟಲು ಬಿಡಿ. ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನು ಮಾತ್ರ ಕೇಳಬೇಡಿ: ಸಿಗುವ ಲಾಭ ಸಣ್ಣದು, ಹೋಗುವ ನಂಬಿಕೆ ದೊಡ್ಡದು.

ಯಾವ ಆಟ? ಹುಲಿ-ಕುರಿ ಆಟವನ್ನೇ ತೆಗೆದುಕೊಳ್ಳೋಣ. 3 ಹುಲಿ, 15 ಕುರಿ, 23 ಬಿಂದುಗಳು. ಜನರಿಗೆ ಮೊದಲೇ ಗೊತ್ತಿರುವುದರಿಂದ ನಿಯಮ ಹೇಳಿಕೊಡುವ ಕೆಲಸ ಅರ್ಧ ಕಡಿಮೆಯಾಯಿತು. ಒಂದೊಂದು ಬಿಂದು ಖಾಲಿ, ಹುಲಿ, ಕುರಿ ಈ ಮೂರರಲ್ಲಿ ಒಂದು ಸ್ಥಿತಿಯಲ್ಲಿರುತ್ತದೆ. ಅದಕ್ಕೆ 2 ಬಿಟ್ ಸಾಕು, 23ಕ್ಕೆ 46 ಬಿಟ್, ಅಂದರೆ ಇಡೀ ಮಣೆ 6 ಬೈಟ್‌ನಲ್ಲಿ ಹಿಡಿಯುತ್ತದೆ. ಆದ್ದರಿಂದ ಪ್ರತಿ ನಡೆಯಲ್ಲೂ ಏನು ಬದಲಾಯಿತು ಎಂದು ಕಳಿಸುವ ಬದಲು ಪೂರ್ತಿ ಮಣೆಯನ್ನೇ ಕಳಿಸಿ. ಆಟಿ ತಿಂಗಳ ಮಳೆಯಲ್ಲಿ ಭಾಗಮಂಡಲದ ಕಡೆ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ನೆಟ್‌ವರ್ಕ್ ಬಂದು ಹೋಗಿ ಮಾಡುವಾಗ ನಡುವಿನ ಎರಡು ಸಂದೇಶ ಕಳೆದುಹೋದರೂ ಮೂರನೆಯದು ಬಂದ ಕೂಡಲೇ ಇಬ್ಬರ ಮಣೆಯೂ ಸರಿಹೋಗುತ್ತದೆ.

ಆ ಮಳೆಯನ್ನು ಶಾಪ ಎಂದು ತಿಳಿಯಬೇಕಾಗಿಲ್ಲ. ಇಲ್ಲಿ ನಿಂತ ಆಟ ದೇಶದ ಯಾವ ಮೂಲೆಯಲ್ಲೂ ನಿಲ್ಲುತ್ತದೆ. ಆದರೆ ಮೂರು ಕಡೆ ಎಚ್ಚರ ತಪ್ಪುತ್ತದೆ. ಒಂದು, ಬಹುಮಾನದ ನಾಣ್ಯ ಪಡೆಯುವ ಕೋರಿಕೆ ಸರ್ವರ್ ತಲುಪಿದರೂ ಉತ್ತರ ಹಿಂದಿರುಗದೆ ಹೋದರೆ ಫೋನು ಮತ್ತೆ ಕೇಳುತ್ತದೆ, ಸರ್ವರ್ ಎರಡು ಸಲ ಕೊಡುತ್ತದೆ. ಪ್ರತಿ ಕೋರಿಕೆಗೂ ಬೇರೆಯದೇ ಗುರುತು ಸಂಖ್ಯೆ ಹಾಕಿ, ಕಂಡ ಸಂಖ್ಯೆಗೆ ಹಿಂದಿನ ಉತ್ತರವನ್ನೇ ಕೊಡುವಂತೆ ಬರೆಯಬೇಕು. ಎರಡು, ದಿನದ ಬಹುಮಾನಕ್ಕೆ ಫೋನಿನ ಗಡಿಯಾರ ನಂಬಿದರೆ ಹುಡುಗರು ತಾರೀಕು ಮುಂದೆ ತಿರುಗಿಸಿ ಒಂದೇ ಸಂಜೆ ಒಂದು ತಿಂಗಳ ಬಹುಮಾನ ಬಾಚಿಕೊಳ್ಳುತ್ತಾರೆ; ಸಮಯ ಸರ್ವರಿನದ್ದೇ ಇರಲಿ. ಮೂರು, ಎದುರಾಳಿ ಸಿಗುವ ಪ್ರಶ್ನೆ. ದಿನಕ್ಕೆ 500 ಜನ ತಲಾ 15 ನಿಮಿಷ ಆಡಿದರೆ 7,500 ನಿಮಿಷ. 24 ಗಂಟೆಯ 1,440 ನಿಮಿಷಕ್ಕೆ ಹಂಚಿದರೆ ಯಾವುದೇ ಹೊತ್ತಿನಲ್ಲಿ ಸರಾಸರಿ ಐದೇ ಜನ. ರಾತ್ರಿ ಊಟದ ಹೊತ್ತಿಗೆ ಇಪ್ಪತ್ತಾಗಬಹುದು, ಮಧ್ಯಾಹ್ನ ಒಬ್ಬನೂ ಇಲ್ಲದಿರಬಹುದು. 'ಎದುರಾಳಿಯನ್ನು ಹುಡುಕುತ್ತಿದ್ದೇವೆ' ಎಂಬ ಚಕ್ರ ಅರ್ಧ ನಿಮಿಷ ತಿರುಗಿದರೆ ಜನ ಎದ್ದು ಹೋಗುತ್ತಾರೆ. ಹೀಗಾಗಿ ಸಣ್ಣ ಕಂಪನಿಗೆ ಪತ್ರದ ಚದುರಂಗದ ಹಾಗೆ ನಡೆಗೆ 24 ಗಂಟೆ ಸಮಯ ಕೊಡುವ ಆಟ ಒಳ್ಳೆಯದು, ಜತೆಗೆ ಫೋನಿನಲ್ಲೇ ಯೋಚಿಸಿ ಆಡುವ ಯಂತ್ರ ಎದುರಾಳಿ ಇರಲಿ.

ಇನ್ನು ಅಕ್ಷರದ ಮಾತು. ಕನ್ನಡದ ಆಟಗಳು ಹೊರಗೆ ಬರದಿರುವುದಕ್ಕೆ ಮಾರುಕಟ್ಟೆ ಇಲ್ಲ ಎನ್ನುವವರಲ್ಲಿ ಎಷ್ಟೋ ಜನ ಮೊದಲ ದಿನವೇ ಅಕ್ಷರ ಒಡೆದದ್ದನ್ನು ನೋಡಿ ಕೈಬಿಟ್ಟವರು ಎಂಬ ಅನುಮಾನ ನನ್ನದು. ಗೇಮ್ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಅಕ್ಷರ ತೋರಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಕೂಡಿಸುವುದಿಲ್ಲ. 'ಪೊನ್ನಂಪೇಟೆ'ಯ ಒತ್ತು ಕೆಳಗಿಳಿಯದೆ 'ಪೊನ್‌ನಂಪೇಟೆ' ಆಗುತ್ತದೆ, 'ಸ್ಪರ್ಧೆ'ಯ ಅರ್ಕಾವತ್ತು ಜಾಗ ತಪ್ಪುತ್ತದೆ, ಗುಣಿತದ ಗುಡಿಸು ಅಕ್ಷರಕ್ಕೆ ಅಂಟದೆ ದೂರ ನಿಲ್ಲುತ್ತದೆ. ಫಾಂಟ್ ಬದಲಿಸಿದರೆ ಇದು ಸರಿಹೋಗದು, ತಪ್ಪು ಫಾಂಟಿನದ್ದಲ್ಲ; ಒತ್ತಕ್ಷರ ಜೋಡಿಸುವ ಹಂತವೇ ಅಲ್ಲಿಲ್ಲ. ಹಳೆಯ ನುಡಿ ಮಾದರಿಯ ಫಾಂಟಿಗೆ ಪಠ್ಯ ಪರಿವರ್ತಿಸಿ ಹಾಕುವ ಉಪಾಯ ಉಂಟು, ಆದರೆ ಆಟಗಾರ ತಾನೇ ಟೈಪ್ ಮಾಡಿದ ಹೆಸರು ಬಂದಾಗ ಅದು ಕೈಕೊಡುತ್ತದೆ. ಯೂನಿಟಿಯಂಥದ್ದೇ ಇನ್ನೊಂದು ತಂತ್ರಾಂಶ, 2023ರಲ್ಲಿ ಬಂದ ಗೋಡೊ 4, ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆ ತಂತ್ರಾಂಶವನ್ನು ಒಳಗೇ ಇಟ್ಟುಕೊಂಡಿರುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಅದು ಪೂರ್ತಿ ಉಚಿತ, ಮೂಲ ಸಂಕೇತವೂ (ಸೋರ್ಸ್ ಕೋಡ್) ತೆರೆದಿದೆ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಆಟದ ಜತೆಗೇ ಕಟ್ಟಿ ಕಳಿಸಿ, ಫೋನಿನ ಫಾಂಟನ್ನು ನೆಚ್ಚಬೇಡಿ. ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ, ಇಲ್ಲವಾದರೆ ಒತ್ತಿನ ಕೆಳತುದಿ ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ಪದಕ್ಕೆ ಅಳತೆ ಮಾಡಿದ ಗುಂಡಿಯಲ್ಲಿ 'ಮುಂದುವರಿಸಿ' ಕೂರುವುದಿಲ್ಲ, ಮೊದಲು ಕನ್ನಡ ಬರೆದು ಆಮೇಲೆ ಗುಂಡಿ ಮಾಡಿ. ಕೊಡವ ತಕ್ಕ್‌ನಲ್ಲಿ ಆಟ ತರುವವರಿಗೂ ಲಿಪಿ ಇದೇ ಆದ್ದರಿಂದ ಈ ಕೆಲಸ ಎರಡು ಸಲ ಮಾಡಬೇಕಾಗಿಲ್ಲ.

ಚಿತ್ರಗಳ ಭಾರ: 2048 ಅಗಲ, 2048 ಎತ್ತರದ ಒಂದು ಚಿತ್ರ ಕುಗ್ಗಿಸದೆ ಇದ್ದರೆ ಫೋನಿನ ಮೆಮೊರಿಯಲ್ಲಿ 16 ಎಂಬಿ ತಿನ್ನುತ್ತದೆ. ಅದನ್ನೇ ಎಎಸ್‌ಟಿಸಿ ವಿಧಾನದ 6x6 ಅಳತೆಯಲ್ಲಿ ಕುಗ್ಗಿಸಿದರೆ 2 ಎಂಬಿಗಿಂತ ಕಡಿಮೆ. ಇಂಥ ಹತ್ತು ಚಿತ್ರ ಇದ್ದರೆ 160 ಎಂಬಿ ಮತ್ತು 18 ಎಂಬಿಯ ವ್ಯತ್ಯಾಸ. 3 ಜಿಬಿ ರ್‍ಯಾಮ್‌ನ ಫೋನಿನಲ್ಲಿ ಆಟ ಉಳಿಯುವುದೋ ತಾನೇ ಮುಚ್ಚಿಕೊಳ್ಳುವುದೋ ಅಲ್ಲಿ ತೀರ್ಮಾನವಾಗುತ್ತದೆ. ಮಣೆ ಆಟಕ್ಕೆ ಸೆಕೆಂಡಿಗೆ 30 ಚೌಕಟ್ಟು (ಫ್ರೇಮ್) ಸಾಕು. 60 ಇಟ್ಟು ಫೋನು ಬಿಸಿ ಮಾಡುವುದು ಯಾರ ಸುಖಕ್ಕೋ.

ಪ್ಲೇ ಸ್ಟೋರ್ ಸೇರುವ ಹಂತದಲ್ಲಿ ಎಡವುವವರೇ ಹೆಚ್ಚು. ಖಾತೆಗೆ ಒಂದೇ ಸಲ 25 ಡಾಲರ್. ಆಪಲ್‌ನಲ್ಲಿ ವರ್ಷಕ್ಕೆ 99 ಡಾಲರ್, ಅದನ್ನು ಎರಡನೇ ವರ್ಷಕ್ಕೆ ಬಿಡಿ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಪರೀಕ್ಷಕರನ್ನು 14 ದಿನ ಎಡೆಬಿಡದೆ ಇಟ್ಟುಕೊಂಡ ಮೇಲೆಯೇ ಬಿಡುಗಡೆಗೆ ಅರ್ಜಿ ಹಾಕಬಹುದು. ಹನ್ನೆರಡೇ ಜನರನ್ನು ಸೇರಿಸಿದರೆ ಹತ್ತನೇ ದಿನ ಒಬ್ಬ ಆಟ ತೆಗೆದುಹಾಕುತ್ತಾನೆ, ಲೆಕ್ಕ ಹಳ್ಳ ಹಿಡಿಯುತ್ತದೆ. ಇಪ್ಪತ್ತು ಜನರನ್ನು ಸೇರಿಸಿ. ಬಿಡುಗಡೆಯಾದ ನಂತರ ಹೊಸ ಆವೃತ್ತಿಯನ್ನು ಮೊದಲು ಶೇ 5 ಜನರಿಗೆ, ಆಮೇಲೆ 20, 50, 100ಕ್ಕೆ ಏರಿಸಿ. ಆಟ ಒಮ್ಮೆಲೇ ಮುಚ್ಚಿಕೊಳ್ಳುವ ಪ್ರಮಾಣ ಶೇ 1.09, ಅಲುಗದೆ ನಿಂತುಬಿಡುವ ಪ್ರಮಾಣ ಶೇ 0.47 ದಾಟಿದರೆ ಗೂಗಲ್ ನಿಮ್ಮ ಆಟವನ್ನು ಹುಡುಕಾಟದಲ್ಲಿ ಹಿಂದಕ್ಕೆ ತಳ್ಳಬಹುದು. ಕೆಟ್ಟ ಆವೃತ್ತಿ ಹೋದರೆ ಹಿಂದಿನದಕ್ಕೆ ಮರಳಲು ದಾರಿಯಿಲ್ಲ: ಹರಡುವುದನ್ನು ನಿಲ್ಲಿಸಿ, ಹಳೆಯ ಸಂಕೇತಕ್ಕೇ ದೊಡ್ಡ ಆವೃತ್ತಿ ಸಂಖ್ಯೆ ಕೊಟ್ಟು ಮತ್ತೆ ಕಳಿಸಬೇಕು. ಶುಕ್ರವಾರ ಸಂಜೆ ಬಿಡುಗಡೆ ಮಾಡುವವರು ಭಾನುವಾರದ ಪಂದಿಕರಿ ಮರೆತುಬಿಡಬೇಕು.

ದುಡ್ಡು ಕೈಗೆ ಬರುವ ದಾರಿ ಇನ್ನೂ ಸ್ವಾರಸ್ಯ. ಬೆಳೆಗಾರರಿಗೆ ಔಟ್‌ಟರ್ನ್ ಎಂದರೆ ಏನೆಂದು ಗೊತ್ತು, ಚೀಲದ ತೂಕವೆಲ್ಲ ಬೇಳೆಯಾಗುವುದಿಲ್ಲ. ತೆರಿಗೆ ಬಿಟ್ಟು 100 ರೂಪಾಯಿಗೆ ಆಟದೊಳಗೆ ಏನಾದರೂ ಮಾರಿದರೆ, ವರ್ಷದ ಮೊದಲ 10 ಲಕ್ಷ ಡಾಲರ್‌ವರೆಗೆ ಸ್ಟೋರಿನ ಪಾಲು ಶೇ 15. ಜಾಹೀರಾತಿಗೆ ಗೂಗಲ್‌ನ ಆಡ್‌ಮಾಬ್ ಬಳಸುವವರಿಗೆ 10 ಡಾಲರ್ ಕೂಡಿದಾಗ ವಿಳಾಸ ಖಾತ್ರಿಗೆ ಪಿನ್ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಸಾದಾ ಅಂಚೆಯಲ್ಲಿ. ಎಸ್ಟೇಟಿನ ಹೆಸರಷ್ಟೇ ಬರೆದಿದ್ದರೆ ಅದು ಯಾವ ಗೇಟಿನ ಪೆಟ್ಟಿಗೆಯಲ್ಲಿ ನೆನೆಯುತ್ತದೋ ಹೇಳಲಾಗದು. 4 ತಿಂಗಳೊಳಗೆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಅಂಚೆ ಕಚೇರಿ, ಪಿನ್‌ಕೋಡ್, ಮನೆಯವರ ಹೆಸರು ಎಲ್ಲ ಬರೆಯಿರಿ, ಅಂಚೆಯವರಿಗೆ ಒಂದು ಮಾತು ಹೇಳಿಡಿ. 100 ಡಾಲರ್ ಆಗುವವರೆಗೆ ಹಣ ಬರುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ಅಪಾಯ ಮನೆಯವರ ಪ್ರೀತಿ: ಮಗನ ಗೇಮ್ ಎಂದು ಅಮ್ಮ, ಚಿಕ್ಕಪ್ಪ, ಗೆಳೆಯರೆಲ್ಲ ದಿನವೂ ಜಾಹೀರಾತು ಒತ್ತುತ್ತಾರೆ. ಅದು ವಂಚನೆಯ ಲೆಕ್ಕಕ್ಕೆ ಬಿದ್ದು ಖಾತೆಯೇ ಮುಚ್ಚಬಹುದು. ಪರೀಕ್ಷೆಯ ಹಂತದಲ್ಲಿ ಪರೀಕ್ಷಾ ಜಾಹೀರಾತುಗಳನ್ನೇ ಬಳಸಿ, ಮನೆಯಲ್ಲಿ ಮೊದಲೇ ಹೇಳಿ.

ಕಾನೂನಿನ ಒಂದು ಗೆರೆ ದಾಟಬಾರದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು, ಅವು ಕೌಶಲದವಾದರೂ, ನಿಷೇಧಿಸುತ್ತದೆ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್, ಸೋಷಿಯಲ್ ಗೇಮ್‌ಗಳಿಗೆ ಬೇರೆ ಸ್ಥಾನ ಕೊಟ್ಟಿದೆ. ಹಾಗಾಗಿ ಕೈಲ್‌ಪೊಳ್ದ್ ಹಬ್ಬಕ್ಕೆ ಪ್ರವೇಶ ಶುಲ್ಕ ಪಡೆದು ನಗದು ಬಹುಮಾನದ ಆನ್‌ಲೈನ್ ಪಂದ್ಯ ಇಡುವ ಯೋಚನೆ ಬಿಡಿ. ಆಟದ ನಾಣ್ಯ ರೂಪಾಯಿಯಾಗಿ ಹಿಂದಿರುಗುವ ದಾರಿ ಯಾವುದೂ ಇರಬಾರದು.

ತಂಡ ಎಷ್ಟು ದೊಡ್ಡದಿರಬೇಕು? ಫಿನ್ಲೆಂಡಿನ ಸೂಪರ್‌ಸೆಲ್ 2010ರಲ್ಲಿ ಶುರುವಾಗಿ, ತನ್ನ ಮೊದಲ ಆಟವನ್ನು ಕೈಬಿಟ್ಟು, 2012ರಲ್ಲಿ ಹೇ ಡೇ ಮತ್ತು ಕ್ಲ್ಯಾಶ್ ಆಫ್ ಕ್ಲಾನ್ಸ್ ತಂದದ್ದು ಸಣ್ಣ ಸಣ್ಣ ತಂಡಗಳಿಂದ. ಚೆನ್ನಾಗಿಲ್ಲದ ಆಟಗಳನ್ನು ಅದು ಬಿಡುಗಡೆಗೆ ಮುಂಚೆಯೇ ನಿಲ್ಲಿಸುತ್ತದೆ. ಇಲ್ಲಿಗೂ ಮೂವರು ಸಾಕು: ಸಂಕೇತ ಬರೆಯುವವರು, ಚಿತ್ರ ಮಾಡುವವರು, ಅಂಕಿ ನೋಡುವವರು. ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ. ಏಳನೇ ದಿನದ ಅಂಕಿ ಮೂರು ತಿಂಗಳು ಸತತ 12ರ ಮೇಲೆ ನಿಂತ ಮೇಲೆ ನಾಲ್ಕನೆಯವರನ್ನು ಸೇರಿಸಿ.

ಸರ್ಕಾರಕ್ಕೆ ಹೇಳಬೇಕಾದದ್ದು ಸ್ವಲ್ಪವೇ. ಬೆಂಗಳೂರಿನಾಚೆ ಉದ್ಯಮ ಬೆಳೆಸುವ ಯೋಜನೆಯಲ್ಲಿ ಮೈಸೂರು, ಮಂಗಳೂರಿನ ಹೆಸರುಗಳಿವೆ. ಎರಡಕ್ಕೂ ನಡುವೆ ಮಡಿಕೇರಿ ಇದೆ. ಎಲಿವೇಟ್ ಯೋಜನೆಯಲ್ಲಿ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಅರ್ಜಿ ಬರೆಯುವುದನ್ನು ಜಿಲ್ಲೆಯಲ್ಲೇ ಹೇಳಿಕೊಡುವ ಏರ್ಪಾಡಾಗಲಿ. ಹೊಸ ಕಟ್ಟಡ, ಉದ್ಘಾಟನೆಯ ಫಲಕ ಬೇಡ. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತಲಾ ಒಂದು ಕೋಣೆ, ನಾಲ್ಕು ಗಂಟೆ ಎಳೆಯುವ ಯುಪಿಎಸ್, ಎರಡು ಬೇರೆ ಬೇರೆ ಕಂಪನಿಯ ಇಂಟರ್ನೆಟ್, ಹತ್ತು ಹಳೆಯ ಆಂಡ್ರಾಯ್ಡ್ ಫೋನು ಇದ್ದರೆ ಆಯಿತು. ಫೋನುಗಳಲ್ಲಿ ಐದಾದರೂ 3 ಜಿಬಿ ರ್‍ಯಾಮ್‌ನವು ಇರಲಿ, ಒಂದಾದರೂ ಪರದೆ ಒಡೆದದ್ದಾಗಿರಲಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಸಂಜೆ ಆಡುವವರ ಕೈಯಲ್ಲಿರುವುದು ಅಂಥವೇ.

ಇಂತಿ,
ಗೇಮ್ ತಂತ್ರಾಂಶ ಕ್ಷೇತ್ರದ ಓದುಗ,
ಮಡಿಕೇರಿ